ಮಾಲು ಗೊತ್ತಿಲ್ಲದೆ ವ್ಯಾಪಾರವೇ?

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆ ನಮಗೆಲ್ಲ ಗೊತ್ತು. ತಪ್ಪು ಮಾಡಿದವರು ಅದರ ಫಲ ಅನುಭವಿಸಲೇಬೇಕು ಎಂದು ಅದರ ಅರ್ಥ. ಆದರೆ ಯಾವ ತಪ್ಪನ್ನೂ ಮಾಡದೆ, ಬರೀ ಊಟಕ್ಕೆ ಉಪ್ಪು ಹಾಕಿಕೊಂಡು ತಿಂದ ಕಾರಣಕ್ಕೆ ಕೈಕಾಲಿನ ಶಕ್ತಿ ಕಳೆದುಕೊಂಡ ಜನರೂ ಇದ್ದರು. ಇದು ನಡೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ.

ಆಗ ಕಿಯಾಟಿಂಗ್ ಎಂದು ಕರೆಯುತ್ತಿದ್ದ, ಈಗ ಲೆಶಾನ್ ಎಂಬ ಹೆಸರಿರುವ ಊರಿನ ಸುತ್ತಮುತ್ತ ಒಂದು ವಿಚಿತ್ರ ಕಾಯಿಲೆ ಇತ್ತು. ಅಲ್ಲಿನ ಜನ ಅದನ್ನು 'ಪಾ ಪಿಂಗ್' ಎನ್ನುತ್ತಿದ್ದರು. ಮೊದಲು ವಾಂತಿ, ಭೇದಿ, ಬಾಯಿಯ ಸುತ್ತ ಜುಮುಜುಮು. ಆಮೇಲೆ ಕಾಲು ಸೋಲುತ್ತಿತ್ತು, ನಂತರ ಕೈ. ರೋಗಿಗೆ ಎಚ್ಚರ ಇರುತ್ತಿತ್ತು, ಎದುರಿಗಿರುವವರ ಮಾತು ಅರ್ಥವಾಗುತ್ತಿತ್ತು, ಆದರೆ ಕೈ ಎತ್ತಲು ಆಗುತ್ತಿರಲಿಲ್ಲ. ಕೆಲವರಿಗೆ ಒಂದೆರಡು ದಿನದಲ್ಲಿ ತಾನಾಗಿ ವಾಸಿಯಾಗುತ್ತಿತ್ತು. ಉಸಿರಾಟದ ಸ್ನಾಯುಗಳಿಗೆ ಅಥವಾ ಹೃದಯಕ್ಕೆ ತಗುಲಿದರೆ ಜೀವವೇ ಹೋಗುತ್ತಿತ್ತು. ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವ, ಆಗಾಗ ಬಂದು ಹೋಗುವ ಒಂದು ಬಗೆಯ ಪಾರ್ಶ್ವವಾಯುವಿನ ಹಾಗೆ ಇದು ವೈದ್ಯರಿಗೆ ಕಾಣಿಸಿತು. ಆದರೆ ಸಂಬಂಧವೇ ಇಲ್ಲದವರಿಗೂ ಬರುತ್ತಿದ್ದ ಕಾಯಿಲೆ ವಂಶದ್ದು ಹೇಗಾದೀತು? 1943ರಲ್ಲಿ ಚೀನಾದ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಬಗ್ಗೆ ವರದಿಗಳು ಬಂದವು. ಕಾರಣ ಅಡುಗೆಮನೆಯಲ್ಲೇ ಇತ್ತು. ಅಲ್ಲಿನ ಬಾವಿಗಳ ಉಪ್ಪುನೀರನ್ನು ಕಾಯಿಸಿ ತೆಗೆದ ಉಪ್ಪಿನಲ್ಲಿ ಬೇರಿಯಂ ಕ್ಲೋರೈಡ್ ಸೇರಿತ್ತು.

ಸಿಚುವಾನ್ ಸಮುದ್ರದಿಂದ ಬಹಳ ದೂರದ ಪ್ರಾಂತ್ಯ. ಅಲ್ಲಿ ಶತಮಾನಗಳಿಂದ ನೆಲದಾಳಕ್ಕೆ ಬಾವಿ ಕೊರೆದು ಉಪ್ಪು ತೆಗೆಯುತ್ತಿದ್ದರು. ಯುದ್ಧದಲ್ಲಿ ಕರಾವಳಿ ಜಪಾನ್ ಸೇನೆಯ ವಶವಾದ ಮೇಲೆ ಒಳನಾಡಿನ ಈ ಉಪ್ಪಿಗೆ ಬೇಡಿಕೆ ಇನ್ನೂ ಹೆಚ್ಚಾಯಿತು. ನೆಲದಾಳದ ಕೆಲವು ಉಪ್ಪುನೀರಿನಲ್ಲಿ ಸಲ್ಫೇಟ್ ಬಹಳ ಕಡಿಮೆ ಇರುತ್ತದೆ. ಅಂಥ ನೀರಿನಲ್ಲಿ ಬೇರಿಯಂ ಕರಗಿಕೊಂಡೇ ಉಳಿಯುತ್ತದೆ. ಸಲ್ಫೇಟ್ ಇದ್ದರೆ ಎರಡೂ ಸೇರಿ ಬೇರಿಯಂ ಸಲ್ಫೇಟ್ ಎಂಬ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಧಾರಾಳವಾಗಿರುವುದರಿಂದ ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟೆಯಂಥ ಕಡೆ ಸಮುದ್ರದ ನೀರಿನಿಂದ ಮಾಡುವ ಉಪ್ಪಿಗೆ ಈ ತೊಂದರೆ ಇಲ್ಲ. ಕಣ್ಣಿಗೆ ಎರಡೂ ಬಿಳಿ, ನಾಲಿಗೆಗೆ ಎರಡೂ ಉಪ್ಪು. ಹುಟ್ಟಿದ ನೀರು ಮಾತ್ರ ಬೇರೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಉಪ್ಪು ಮಾರಿದವರು ಕಲಬೆರಕೆ ಮಾಡಿರಲಿಲ್ಲ. ತೂಕದಲ್ಲಿ ಮೋಸ ಮಾಡಬೇಕಾಗಿಯೂ ಇರಲಿಲ್ಲ. ಬಾವಿಯಿಂದ ಬಂದದ್ದನ್ನು ಬಂದ ಹಾಗೆ ಮಾರಿದರು. ಕೊಂಡವರೂ ಸರಿಯಾದ ಬೆಲೆ ಕೊಟ್ಟು ಕೊಂಡರು. ಲೆಕ್ಕದ ಪುಸ್ತಕದಲ್ಲಿ ಹುಡುಕಿದರೆ ಒಂದು ತಪ್ಪೂ ಸಿಗುವುದಿಲ್ಲ. ಆದರೂ ಜನ ಹಾಸಿಗೆ ಹಿಡಿದರು. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ವ್ಯಾಪಾರದಲ್ಲಿ ಪ್ರಾಮಾಣಿಕತೆ ಬೇಕು, ಆದರೆ ಅದೊಂದೇ ಸಾಲದು. ಮಾರುವ ಮಾಲು ಏನು, ಅದು ಕೊಂಡವನ ದೇಹದೊಳಗೆ ಹೋಗಿ ಏನು ಮಾಡುತ್ತದೆ ಎಂಬುದೂ ಗೊತ್ತಿರಬೇಕು. ನಮ್ಮ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದವರು ಇದನ್ನು ಕಲಿಯುವುದಿಲ್ಲ. ಕಲಿಯಬೇಕು ಎಂದು ಹೇಳುವುದಕ್ಕೇ ಈ ಲೇಖನ.

ಬೇರಿಯಂ ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ನಮ್ಮ ವಿಭಾಗದ ಭಾಷೆಯಲ್ಲೇ ಹೇಳಲು ಪ್ರಯತ್ನಿಸುತ್ತೇನೆ. ವಿಜ್ಞಾನ ವಿಭಾಗದವರು ನಗಬಾರದು.

ಸ್ನಾಯುವಿನ ಒಂದೊಂದು ಜೀವಕೋಶವನ್ನೂ ಒಂದು ಗೋದಾಮು ಎಂದುಕೊಳ್ಳಿ. ಗೋದಾಮಿನ ಗೋಡೆಯೇ ಕೋಶಪೊರೆ. ಒಳಗೆ ತುಂಬಿರುವ ಮಾಲು ಪೊಟ್ಯಾಸಿಯಂ. ನಮ್ಮ ದೇಹದಲ್ಲಿರುವ ಪೊಟ್ಯಾಸಿಯಂನಲ್ಲಿ ಸುಮಾರು 98 ಶೇಕಡಾ ಜೀವಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲಿ ಮತ್ತು ಕೋಶಗಳ ಹೊರಗಿನ ನೀರಿನಲ್ಲಿ ಇರುವುದು ಉಳಿದ 2 ಶೇಕಡಾ ಮಾತ್ರ. ಗೋಡೆಯಲ್ಲಿ ಒಂದು ಪಂಪು ಇದೆ. ಅದು ಒಂದು ಸಲ ತಿರುಗಿದರೆ 3 ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಕೂಲಿ ಇಲ್ಲದೆ ಈ ಕೆಲಸ ನಡೆಯುವುದಿಲ್ಲ. ಪ್ರತಿ ಸಲಕ್ಕೂ ಒಂದು ಎಟಿಪಿ ಖರ್ಚು.

ಹೀಗೆ ಒಳಗೆ ತರುತ್ತಲೇ ಇದ್ದರೆ ಗೋದಾಮು ತುಂಬಿ ಹೋಗಬೇಕಲ್ಲ? ಅದಕ್ಕೆ ಇನ್ನೊಂದು ಬಾಗಿಲು ಇದೆ. ಅದೇ ಪೊಟ್ಯಾಸಿಯಂ ಚಾನೆಲ್. ಪೊಟ್ಯಾಸಿಯಂ ಈ ಬಾಗಿಲಿನಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಜಾರುತ್ತದೆ. ಇದಕ್ಕೆ ಕೂಲಿ ಬೇಡ. ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡೂ ಸರಿಹೋಗುತ್ತವೆ. ಜಮಾ ಮತ್ತು ಖರ್ಚು ತಾಳೆಯಾಗುತ್ತದೆ. ಪೊಟ್ಯಾಸಿಯಂ ಒಂದು ಧನ ಚಾರ್ಜನ್ನು ಹೊತ್ತುಕೊಂಡು ಹೊರಗೆ ಹೋಗುವುದರಿಂದ ಕೋಶದ ಒಳಭಾಗ ಹೊರಗಿಗಿಂತ ಋಣವಾಗಿರುತ್ತದೆ. ವಿಶ್ರಾಂತಿಯಲ್ಲಿರುವ ಸ್ನಾಯುಕೋಶದಲ್ಲಿ ಈ ವ್ಯತ್ಯಾಸ ಸುಮಾರು 90 ಮಿಲಿವೋಲ್ಟ್. ಇದು ಸ್ನಾಯುವಿನ ಬ್ಯಾಟರಿ ಇದ್ದ ಹಾಗೆ. ನರದಿಂದ ಸೂಚನೆ ಬಂದಾಗ ಸ್ನಾಯು ಎಳೆದುಕೊಳ್ಳಬೇಕಾದರೆ ಈ ಬ್ಯಾಟರಿ ಚಾರ್ಜ್ ಆಗಿರಬೇಕು.

ಈ ಬಾಗಿಲು ತುಂಬ ಕಟ್ಟುನಿಟ್ಟು. ಪೊಟ್ಯಾಸಿಯಂ ಹೋಗಬಹುದು, ಅದಕ್ಕಿಂತ ಚಿಕ್ಕದಾದ ಸೋಡಿಯಂ ಹೋಗುವಂತಿಲ್ಲ. ದೊಡ್ಡವರಿಗೆ ಜಾಗ ಇರುವ ಬಾಗಿಲಲ್ಲಿ ಚಿಕ್ಕವರಿಗೆ ಏಕೆ ಜಾಗ ಇಲ್ಲ? ಉತ್ತರ ಸಿಕ್ಕಿದ್ದು 1998ರಲ್ಲಿ. ಅಮೆರಿಕದ ರಾಡರಿಕ್ ಮೆಕಿನನ್ ಮತ್ತು ಅವರ ಜೊತೆಗಾರರು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಚಾನೆಲ್ಲಿನ ರಚನೆಯನ್ನು ಎಕ್ಸ್‌ರೇ ಮೂಲಕ ಕಂಡುಹಿಡಿದರು. ಅದಕ್ಕೆ 2003ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಕೋಶದಲ್ಲಿ ನೀರು ಹಾದುಹೋಗುವ ದಾರಿಯನ್ನು ಕಂಡುಹಿಡಿದ ಪೀಟರ್ ಆಗ್ರೆ ಆ ಬಹುಮಾನವನ್ನು ಹಂಚಿಕೊಂಡರು.

ಅವರು ತೋರಿಸಿದ್ದು ಹೀಗಿದೆ. ನೀರಿನಲ್ಲಿರುವ ಅಯಾನು ಒಂಟಿಯಾಗಿರುವುದಿಲ್ಲ. ಅದರ ಸುತ್ತ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಚಾನೆಲ್ಲಿನ ಅತ್ಯಂತ ಕಿರಿದಾದ ಭಾಗಕ್ಕೆ ಬಂದಾಗ ಆ ನೀರನ್ನು ಕಳಚಿಟ್ಟು ಒಳಗೆ ಹೋಗಬೇಕು, ಮಸೀದಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋದ ಹಾಗೆ. ಒಳಗೆ ಸಾಲಾಗಿ ಆಕ್ಸಿಜನ್ ಪರಮಾಣುಗಳು ನಿಂತಿವೆ. ಅವು ಪೊಟ್ಯಾಸಿಯಂ ಅನ್ನು ನೀರು ಹಿಡಿದುಕೊಳ್ಳುವಷ್ಟೇ ಚೆನ್ನಾಗಿ ಹಿಡಿದುಕೊಳ್ಳುತ್ತವೆ, ಹಾಗಾಗಿ ನೀರು ಬಿಟ್ಟು ಬಂದರೂ ಪೊಟ್ಯಾಸಿಯಂಗೆ ನಷ್ಟವಿಲ್ಲ. ಸೋಡಿಯಂ ಚಿಕ್ಕದು. ಆ ಆಕ್ಸಿಜನ್‌ಗಳು ಅದಕ್ಕೆ ಸರಿಯಾಗಿ ಎಟುಕುವುದಿಲ್ಲ. ನೀರು ಬಿಟ್ಟು ಬಂದರೆ ಅದಕ್ಕೆ ನಷ್ಟವೇ ಹೆಚ್ಚು, ಆದ್ದರಿಂದ ಅದು ಬರುವುದಿಲ್ಲ. ಇಷ್ಟು ಕಟ್ಟುನಿಟ್ಟಾಗಿದ್ದರೂ ಈ ದಾರಿಯಲ್ಲಿ ಒಂದು ಸೆಕೆಂಡಿಗೆ ಲಕ್ಷಗಟ್ಟಲೆ, ಕೆಲವು ಬಗೆಯ ಚಾನೆಲ್‌ಗಳಲ್ಲಿ ಕೋಟಿಗಟ್ಟಲೆ ಪೊಟ್ಯಾಸಿಯಂ ಅಯಾನುಗಳು ಹಾದುಹೋಗುತ್ತವೆ.

ಈಗ ಬೇರಿಯಂ ಬರುತ್ತದೆ. ಅಳತೆ ನೋಡಿ. ಒಂದು ಸೆಂಟಿಮೀಟರನ್ನು 10 ಕೋಟಿ ಭಾಗ ಮಾಡಿದರೆ ಒಂದು ಭಾಗಕ್ಕೆ ಆಂಗ್‌ಸ್ಟ್ರಮ್ ಎನ್ನುತ್ತಾರೆ. ಸೋಡಿಯಂ ಅಯಾನಿನ ತ್ರಿಜ್ಯ ಸುಮಾರು 1.02 ಆಂಗ್‌ಸ್ಟ್ರಮ್, ಪೊಟ್ಯಾಸಿಯಂನದು 1.38, ಬೇರಿಯಂನದು 1.35. ಅಂದರೆ ಬಾಗಿಲಿನ ಲೆಕ್ಕದಲ್ಲಿ ಬೇರಿಯಂ ಮತ್ತು ಪೊಟ್ಯಾಸಿಯಂ ಹೆಚ್ಚುಕಡಿಮೆ ಒಂದೇ. ಅದು ಒಳಗೆ ಬರುತ್ತದೆ. ಆದರೆ ಪೊಟ್ಯಾಸಿಯಂಗೆ ಒಂದು ಧನ ಚಾರ್ಜ್ ಇದ್ದರೆ ಬೇರಿಯಂಗೆ ಎರಡು. ಒಳಗಿನ ಆಕ್ಸಿಜನ್‌ಗಳು ಅದನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಎಂದರೆ ಅದು ಮುಂದೆ ಹೋಗಲಾರದು. ದಾರಿ ಒಂದೇ ಸಾಲಿನದು. ಮುಂದಿರುವವನು ನಿಂತರೆ ಹಿಂದಿರುವವರೆಲ್ಲ ನಿಲ್ಲಬೇಕು. 2000ದಲ್ಲಿ ಮೆಕಿನನ್ ಅವರ ಪ್ರಯೋಗಾಲಯದವರು ಚಾನೆಲ್ಲಿನೊಳಗೆ ಬೇರಿಯಂ ಸಿಕ್ಕಿಕೊಂಡಿರುವ ಜಾಗವನ್ನೇ ಎಕ್ಸ್‌ರೇಯಲ್ಲಿ ಗುರುತಿಸಿದರು. ಅದು ಆ ಕಿರಿದಾದ ದಾರಿಯ ಒಳತುದಿಯಲ್ಲಿತ್ತು.

ಅಯಾನು ಚಾನೆಲ್ಲಿಗೆ ಅಡ್ಡ ನಿಲ್ಲುವುದೇ ಕೆಟ್ಟದ್ದು ಎಂದು ಇದರಿಂದ ತಿಳಿಯಬಾರದು. ನಮ್ಮ ದೇಹವೇ ಈ ಉಪಾಯವನ್ನು ದಿನವೂ ಬಳಸುತ್ತದೆ. ಸ್ನಾಯುವಿನ ಈ ಚಾನೆಲ್ಲು ಪೊಟ್ಯಾಸಿಯಂ ಅನ್ನು ಒಳಗೆ ಬಿಡುವಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ ಎಂಬುದನ್ನು ಬರ್ನಾರ್ಡ್ ಕಾಟ್ಜ್ 1949ರಲ್ಲಿಯೇ ಕಪ್ಪೆಯ ಸ್ನಾಯುವಿನಲ್ಲಿ ಗಮನಿಸಿದ್ದರು. ಕಾರಣ ಗೊತ್ತಾದದ್ದು 1987ರಲ್ಲಿ. ಸ್ನಾಯು ಕೆಲಸ ಮಾಡುವ ಗಳಿಗೆಯಲ್ಲಿ ಕೋಶದೊಳಗಿನ ಮೆಗ್ನೀಸಿಯಂ ಅಯಾನು ಬಂದು ಈ ಚಾನೆಲ್ಲಿಗೆ ಅಡ್ಡ ನಿಲ್ಲುತ್ತದೆ. ಪೊಟ್ಯಾಸಿಯಂ ಸುಮ್ಮನೆ ಸೋರಿಹೋಗುವುದು ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಅದು ಸರಿದುಕೊಳ್ಳುತ್ತದೆ. ಮೆಗ್ನೀಸಿಯಂ ಸಮಯಕ್ಕೆ ಬಂದು ಸಮಯಕ್ಕೆ ಹೋಗುವ ಕಾವಲುಗಾರ. ಬೇರಿಯಂ ಬಾಗಿಲಲ್ಲಿ ಕುಳಿತು ಏಳದವನು.

ಬೇರಿಯಂ ಬಾಗಿಲು ಮುಚ್ಚಿದರೂ ಪಂಪು ನಿಲ್ಲುವುದಿಲ್ಲ. ಅದು ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನು ಒಳಗೆ ತರುತ್ತಲೇ ಇರುತ್ತದೆ. ಹೊರಗೆ ಹೋಗುವ ದಾರಿ ಮಾತ್ರ ಇಲ್ಲ. ರಕ್ತದ ಒಂದು ಲೀಟರ್ ದ್ರವದಲ್ಲಿ 3.5ರಿಂದ 5 ಮಿಲಿಮೋಲ್ ಇರಬೇಕಾದ ಪೊಟ್ಯಾಸಿಯಂ 2ಕ್ಕಿಂತಲೂ ಕೆಳಗೆ ಇಳಿಯಬಹುದು. ದೇಹದಲ್ಲಿ ಒಟ್ಟು ಪೊಟ್ಯಾಸಿಯಂ ಅಷ್ಟೇನೂ ಕಡಿಮೆಯಾಗಿರುವುದಿಲ್ಲ. ಗೋದಾಮಿನಲ್ಲಿ ಮಾಲು ತುಂಬಿದೆ, ಪೇಟೆಯಲ್ಲಿ ಅಭಾವ. ಅರ್ಥಶಾಸ್ತ್ರದ ಪಾಠದಲ್ಲಿ ನಾವು ಓದುವ ಕೃತಕ ಅಭಾವ ಇದೇ ರೀತಿ ಇರುತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ಯಾರ ದುರಾಸೆಯೂ ಇಲ್ಲ.

ಪೊಟ್ಯಾಸಿಯಂ ಹೊರಗೆ ಜಾರದೆ ಹೋದಾಗ ಆ 90 ಮಿಲಿವೋಲ್ಟಿನ ಬ್ಯಾಟರಿ ಇಳಿಯತೊಡಗುತ್ತದೆ. ಸ್ನಾಯುವನ್ನು ಎಬ್ಬಿಸುವ ಸೋಡಿಯಂ ಚಾನೆಲ್‌ಗಳು ಪೂರ್ತಿ ಚಾರ್ಜ್ ಆದ ಪೊರೆಯಲ್ಲಿ ಮಾತ್ರ ಕೆಲಸಕ್ಕೆ ಸಿದ್ಧವಾಗಿರುತ್ತವೆ. ಚಾರ್ಜ್ ಇಳಿದೇ ಇದ್ದರೆ ಅವು ಬೀಗ ಹಾಕಿಕೊಂಡು ಕೂರುತ್ತವೆ. ಮೆದುಳು ಹೇಳುತ್ತದೆ, ನರ ಆ ಮಾತನ್ನು ತಲುಪಿಸುತ್ತದೆ, ಸ್ನಾಯು ಕೇಳುವುದಿಲ್ಲ. ಸಿಚುವಾನಿನ ರೋಗಿಗಳು ಎಚ್ಚರವಿದ್ದೂ ಕೈ ಎತ್ತಲಾಗದೆ ಮಲಗಿದ್ದು ಇದೇ ಕಾರಣಕ್ಕೆ.

ಚಿಕಿತ್ಸೆಯೂ ಇದೆ. ಆಸ್ಪತ್ರೆಯಲ್ಲಿ ರಕ್ತಕ್ಕೆ ಪೊಟ್ಯಾಸಿಯಂ ಕೊಡುತ್ತಾರೆ. ಉಸಿರಾಟ ನಿಂತರೆ ಯಂತ್ರದಿಂದ ಉಸಿರು ಕೊಡುತ್ತಾರೆ. ಕಷ್ಟವಾದರೆ ಡಯಾಲಿಸಿಸ್ ಮಾಡಿ ಬೇರಿಯಂ ತೆಗೆಯುತ್ತಾರೆ. ಹೊಟ್ಟೆಯಲ್ಲಿ ಇನ್ನೂ ಉಳಿದಿರುವ ಬೇರಿಯಂಗೆ ಸೋಡಿಯಂ ಸಲ್ಫೇಟ್ ಅಥವಾ ಮೆಗ್ನೀಸಿಯಂ ಸಲ್ಫೇಟ್ ಕುಡಿಸುತ್ತಾರೆ. ಆಗ ಅದು ಕರಗದ ಬೇರಿಯಂ ಸಲ್ಫೇಟ್ ಆಗಿ, ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ಸಮುದ್ರದ ಉಪ್ಪನ್ನು ಕಾಪಾಡುವ ಸಲ್ಫೇಟೇ ರೋಗಿಯನ್ನೂ ಕಾಪಾಡುತ್ತದೆ.

ಇದೆಲ್ಲ ಚೀನಾದ ಹಳೆಯ ಕಥೆ, ನಮಗೇನು ಎಂದು ಕೇಳಬಹುದು. ಬೇರಿಯಂ ನಮ್ಮ ಸುತ್ತಮುತ್ತಲೇ ವ್ಯಾಪಾರವಾಗುವ ವಸ್ತು. ಪಕ್ಕದ ಆಂಧ್ರಪ್ರದೇಶದ ಕಡಪ ಕಡೆಯ ಮಂಗಂಪೇಟೆಯಲ್ಲಿ ಬೇರಿಯಂ ಸಲ್ಫೇಟಿನ ಅದಿರಿನ ಬಹುದೊಡ್ಡ ನಿಕ್ಷೇಪ ಇದೆ. ಬೇರಿಯಂ ಕಾರ್ಬೊನೇಟ್ ಇಟ್ಟಿಗೆ ಮತ್ತು ಪಿಂಗಾಣಿ ಕೆಲಸಕ್ಕೆ ಬೇಕು. ಅದನ್ನು ಇಲಿ ಪಾಷಾಣವಾಗಿಯೂ ಬಳಸಿದ್ದಾರೆ. ಪಟಾಕಿಯ ಹಸಿರು ಬೆಳಕು ಬರುವುದು ಬೇರಿಯಂ ನೈಟ್ರೇಟಿನಿಂದ. ಪಟಾಕಿಯಲ್ಲಿ ಬೇರಿಯಂ ಲವಣಗಳನ್ನು ಬಳಸಬಾರದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು.

ಅದೇ ಬೇರಿಯಂ ಅನ್ನು ಆಸ್ಪತ್ರೆಯಲ್ಲಿ ಲೋಟದಲ್ಲಿ ಕುಡಿಸುತ್ತಾರೆ! ಹೊಟ್ಟೆ ಮತ್ತು ಕರುಳಿನ ಎಕ್ಸ್‌ರೇ ತೆಗೆಯುವ ಮೊದಲು ಕೊಡುವ ಆ ಬಿಳಿ ದ್ರವ ಬೇರಿಯಂ ಸಲ್ಫೇಟ್. ಅದು ನೀರಿನಲ್ಲಿ ಕರಗುವುದು ಲೀಟರಿಗೆ ಕೆಲವೇ ಮಿಲಿಗ್ರಾಂ. ಹೊಟ್ಟೆಯ ಆಮ್ಲದಲ್ಲೂ ಅದು ಕರಗುವುದಿಲ್ಲ. ಆದ್ದರಿಂದ ಹೋದ ಹಾಗೇ ಹೊರಗೆ ಬರುತ್ತದೆ. ಬೇರಿಯಂ ಕಾರ್ಬೊನೇಟ್ ಕೂಡ ಬಿಳಿ ಪುಡಿ, ಅದೂ ನೀರಿನಲ್ಲಿ ಕರಗುವುದು ಕಡಿಮೆ. ಆದರೆ ಹೊಟ್ಟೆಯ ಆಮ್ಲ ಸೇರಿದ ಕೂಡಲೇ ಅದು ಕರಗಿ ಬೇರಿಯಂ ಕ್ಲೋರೈಡ್ ಆಗುತ್ತದೆ, ಅಂದರೆ ಸಿಚುವಾನಿನ ಉಪ್ಪಿನಲ್ಲಿದ್ದ ಅದೇ ವಿಷ. 2003ರಲ್ಲಿ ಬ್ರೆಜಿಲ್ ದೇಶದಲ್ಲಿ ಎಕ್ಸ್‌ರೇಗೆಂದು ಮಾರಿದ ಬೇರಿಯಂ ಸಲ್ಫೇಟಿನಲ್ಲಿ ಕಾರ್ಬೊನೇಟ್ ಸೇರಿಹೋಗಿತ್ತು. ಪರೀಕ್ಷೆಗೆಂದು ಬಂದ 20ಕ್ಕೂ ಹೆಚ್ಚು ಜನ ಸತ್ತರು. ಸಿಚುವಾನಿನಲ್ಲಿ ವಿಷಯ ಯಾರಿಗೂ ಗೊತ್ತಿರಲಿಲ್ಲ. ಬ್ರೆಜಿಲ್ ಹೊತ್ತಿಗೆ ವಿಜ್ಞಾನಕ್ಕೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದದ್ದು ಮಾಲಿನ ಜೊತೆ ಬರಲಿಲ್ಲ, ಅಷ್ಟೇ.

ಇದು ವಾಣಿಜ್ಯ ವಿದ್ಯಾರ್ಥಿಯ ಕೆಲಸ ಹೇಗೆ ಎಂಬುದಕ್ಕೆ ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಮಾಲಿನ ಎದುರು ಎಚ್‌ಎಸ್‌ಎನ್ ಸಂಖ್ಯೆ ಇರುತ್ತದೆ. ಸಲ್ಫೇಟ್‌ಗಳಿಗೆ 2833. ಕಾರ್ಬೊನೇಟ್‌ಗಳಿಗೆ 2836. ಕುಡಿಸಬಹುದಾದದ್ದಕ್ಕೂ ಕೊಲ್ಲುವುದಕ್ಕೂ ಬಿಲ್ಲಿನಲ್ಲಿ ಇರುವ ವ್ಯತ್ಯಾಸ ಕೊನೆಯ ಒಂದು ಅಂಕಿ. ಜೀವಶಾಸ್ತ್ರ ಓದುವ ನನ್ನ ಗೆಳತಿಯೊಬ್ಬಳಿಗೆ ಬೇರಿಯಂ ಎಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ ಎಂದು ಗೊತ್ತು, ಆದರೆ ಎಚ್‌ಎಸ್‌ಎನ್ ಸಂಖ್ಯೆ ಎಂದರೆ ಏನೆಂದು ಗೊತ್ತಿಲ್ಲ. ನಮ್ಮ ತರಗತಿಯಲ್ಲಿ ಸಂಖ್ಯೆ ಎಲ್ಲಿ ಬರೆಯಬೇಕು ಎಂದು ಗೊತ್ತು, ಅದರ ಹಿಂದಿರುವ ವಸ್ತು ಗೊತ್ತಿಲ್ಲ. ಆ ಅಂಕಿಯನ್ನು ನಾಳೆ ಟೈಪ್ ಮಾಡುವವರು, ಆರ್ಡರ್ ಕೊಡುವವರು, ಸರಕು ಇಳಿಸಿಕೊಂಡು ಸಹಿ ಹಾಕುವವರು ನಾವು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಪರೀಕ್ಷೆ ಮಾಡಲು ಪ್ರಯೋಗಾಲಯಗಳಿವೆ, 2006ರ ಆಹಾರ ಸುರಕ್ಷತಾ ಕಾಯ್ದೆ ಇದೆ, ವ್ಯಾಪಾರಿ ಪ್ರಮಾಣಪತ್ರ ನೋಡಿದರೆ ಸಾಕು ಎಂದು. ಪ್ರಯೋಗಾಲಯ ಬೇಕೇ ಬೇಕು. ಆದರೆ ಪರೀಕ್ಷೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. 2008ರಲ್ಲಿ ಚೀನಾದಲ್ಲಿಯೇ ಮಕ್ಕಳ ಹಾಲಿನ ಪುಡಿಯಲ್ಲಿ ಮೆಲಮೈನ್ ಬೆರೆಸಿದ್ದು ಬಯಲಾಯಿತು. ಹಾಲಿನ ಪ್ರೋಟೀನನ್ನು ಅದರಲ್ಲಿರುವ ನೈಟ್ರೋಜನ್ ಲೆಕ್ಕದಿಂದ ಅಳೆಯುತ್ತಿದ್ದರು. ಮೆಲಮೈನ್‌ನಲ್ಲಿ ನೈಟ್ರೋಜನ್ ಬಹಳ ಇದೆ, ಪ್ರೋಟೀನ್ ಇಲ್ಲ. ನೀರು ಬೆರೆಸಿದ ಹಾಲು ಪರೀಕ್ಷೆಯಲ್ಲಿ ಪಾಸಾಯಿತು. ಸುಮಾರು 3 ಲಕ್ಷ ಮಕ್ಕಳಿಗೆ ಕಾಯಿಲೆಯಾಯಿತು, 6 ಕೂಸುಗಳು ಸತ್ತವು. ಪೊಟ್ಯಾಸಿಯಂ ಚಾನೆಲ್ಲು ಅಳತೆಯನ್ನು ನೋಡಿ ಬೇರಿಯಂ ಅನ್ನು ಒಳಗೆ ಬಿಟ್ಟ ಹಾಗೆ ಆ ಪರೀಕ್ಷೆಯೂ ನೈಟ್ರೋಜನ್ ನೋಡಿ ಮೆಲಮೈನನ್ನು ಒಳಗೆ ಬಿಟ್ಟಿತು. ಚಾನೆಲ್ಲಿಗೆ ಬುದ್ಧಿ ಇಲ್ಲ, ಅದನ್ನು ದೂರುವಂತಿಲ್ಲ. ಮನುಷ್ಯನಿಗೆ ಇದೆ. 'ಇನ್ನೇನನ್ನು ಪರೀಕ್ಷಿಸಬೇಕು?' ಎಂದು ಕೇಳುವಷ್ಟು ತಿಳಿವಳಿಕೆ ಮಾಲು ಕೊಳ್ಳುವವನಿಗೆ ಇರಬೇಕು.

ನಮ್ಮ ಧರ್ಮವೂ ಇದನ್ನೇ ಕಲಿಸುತ್ತದೆ ಎಂದು ನಾನು ತಿಳಿದಿದ್ದೇನೆ. ಅಳತೆ ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಅಲ್ ಮುತಫ್ಫಿಫೀನ್ ಎಂಬ ಅಧ್ಯಾಯವೇ ಇದೆ. ಅದನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಆದರೆ ಈ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಒಂದು ಹದೀಸ್. ಪ್ರವಾದಿ ಮುಹಮ್ಮದ್(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಹತ್ತಿರ ಬಂದು ಅದರೊಳಗೆ ಕೈ ಹಾಕಿದರು. ಮೇಲೆ ಒಣಗಿತ್ತು, ಒಳಗೆ ಒದ್ದೆ. ಕೇಳಿದಾಗ ಮಾರುವವನು, ಮಳೆ ಬಂದು ನೆನೆಯಿತು ಎಂದ. ಹಾಗಾದರೆ ಜನರಿಗೆ ಕಾಣುವ ಹಾಗೆ ಒದ್ದೆಯಾದದ್ದನ್ನು ಮೇಲೆ ಇಡಬಾರದಿತ್ತೇ ಎಂದು ಅವರು ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂಬ ಅರ್ಥದ ಮಾತು ಬಂದದ್ದು ಆ ಸಂದರ್ಭದಲ್ಲಿ.

ಈ ಹದೀಸನ್ನು ಸಾಮಾನ್ಯವಾಗಿ ಸತ್ಯಸಂಧತೆಯ ಪಾಠವಾಗಿ ಹೇಳುತ್ತಾರೆ. ನನಗೆ ಇದರಲ್ಲಿ ಇನ್ನೂ ಎರಡು ವಿಷಯ ಕಾಣುತ್ತವೆ. ಒಂದು, ಧಾನ್ಯವನ್ನು ನೆನೆಸಿದ್ದು ಮಳೆ, ಮಾರುವವನಲ್ಲ. ಆದರೂ ಜವಾಬ್ದಾರಿ ಅವನಿಗೆ ಬಂತು. ಎರಡು, ರಾಶಿಯನ್ನು ಹೊರಗಿನಿಂದ ನೋಡಿ ಮುಂದೆ ಹೋಗಲಿಲ್ಲ, ಒಳಗೆ ಕೈ ಹಾಕಿ ನೋಡಲಾಯಿತು. ಹಿಂದಿನ ಮುಸ್ಲಿಂ ಪಟ್ಟಣಗಳಲ್ಲಿ ಮುಹ್ತಸಿಬ್ ಎಂಬ ಪೇಟೆಯ ಮೇಲ್ವಿಚಾರಕ ಇರುತ್ತಿದ್ದ. ತಕ್ಕಡಿ, ಬಟ್ಟು ನೋಡುವುದರ ಜೊತೆಗೆ ತಿಂಡಿ, ಔಷಧಿ ಮಾರುವವರ ಮಾಲನ್ನೂ ಪರೀಕ್ಷಿಸುವುದು ಅವನ ಕೆಲಸವಾಗಿತ್ತು. ಅಂದರೆ ಅವನಿಗೆ ಲೆಕ್ಕವೂ ಗೊತ್ತಿರಬೇಕಿತ್ತು, ಮಾಲೂ ಗೊತ್ತಿರಬೇಕಿತ್ತು. ಈಗಿನ ರಾಶಿಗೆ ಬರೀ ಕೈ ಹಾಕಿದರೆ ಬೇರಿಯಂ ಸಿಗುವುದಿಲ್ಲ. ರಸಾಯನಶಾಸ್ತ್ರವೇ ಆ ಕೈ.

ಇನ್ನೊಂದು ಆಕ್ಷೇಪ ಸಮಯದ್ದು. ವಿಜ್ಞಾನದವರಿಗೆ ನೀಟ್ ಮತ್ತು ಸಿಇಟಿ ತಯಾರಿ, ನಮ್ಮವರಲ್ಲಿ ಕೆಲವರಿಗೆ ಸಿಎ ಫೌಂಡೇಶನ್. ಸಿಲೆಬಸ್ ಮುಗಿದರೆ ಸಾಕಾಗಿದೆ, ಇದೆಲ್ಲ ಯಾಕೆ ಎಂದು ಎರಡೂ ಕಡೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆಯ ಪಾಠ ಇದೆ. ಸುರಕ್ಷತೆಯ ಹಕ್ಕು, ಮಾಹಿತಿ ಪಡೆಯುವ ಹಕ್ಕು ಎಂದು ನಾವು ಅಂಕಕ್ಕಾಗಿ ಬರೆಯುತ್ತೇವೆ. ಒಬ್ಬರಿಗೆ ಮಾಹಿತಿ ಪಡೆಯುವ ಹಕ್ಕು ಇದ್ದರೆ ಇನ್ನೊಬ್ಬರಿಗೆ ಮಾಹಿತಿ ಕೊಡುವ ಕರ್ತವ್ಯ ಇರುತ್ತದೆ. ಕೊಡಬೇಕಾದವನಿಗೇ ಗೊತ್ತಿಲ್ಲದಿದ್ದರೆ ಆ ಹಕ್ಕು ಉತ್ತರಪತ್ರಿಕೆಯಲ್ಲೇ ಉಳಿಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಯುಕ್ತ ವಸ್ತುವಿನಿಂದ ಹಾನಿಯಾದರೆ ತಯಾರಿಸಿದವರ ಜೊತೆಗೆ ಕೆಲವು ಸಂದರ್ಭಗಳಲ್ಲಿ ಮಾರಿದವರೂ ಹೊಣೆ ಎಂದಿದೆ. ಹಾಗಾಗಿ ಇದು ಸಿಲೆಬಸ್ಸಿನ ಹೊರಗಿನ ವಿಷಯ ಅಲ್ಲವೇ ಅಲ್ಲ.

ನನ್ನ ಸಲಹೆ ದೊಡ್ಡದೇನಲ್ಲ. ತಿಂಗಳಿಗೆ ಒಂದು ಪೀರಿಯಡ್, ಎರಡೂ ವಿಭಾಗದವರು ಒಂದೇ ಕೋಣೆಯಲ್ಲಿ ಕೂರಬೇಕು. ಒಂದು ಸಲಕ್ಕೆ ಒಂದೇ ವಸ್ತು: ಉಪ್ಪು, ಅರಿಶಿನ ಪುಡಿ, ಇಲಿ ಪಾಷಾಣ, ಮೆಹಂದಿ ಕೋನ್, ಅಡುಗೆ ಎಣ್ಣೆ. ಅದರಲ್ಲಿ ಏನೇನಿದೆ, ದೇಹದಲ್ಲಿ ಏನಾಗುತ್ತದೆ ಎಂದು ವಿಜ್ಞಾನದವರು ಹೇಳಲಿ. ಅದು ಎಲ್ಲಿಂದ ಬರುತ್ತದೆ, ಬೆಲೆ ಹೇಗೆ ಬೀಳುತ್ತದೆ, ಪೊಟ್ಟಣದ ಮೇಲೆ ಏನು ಬರೆದಿರಬೇಕು, ಕಾನೂನು ಏನು ಹೇಳುತ್ತದೆ ಎಂದು ನಾವು ಹೇಳುತ್ತೇವೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಲ್ಫೇಟ್ ಇದೆಯೇ ಎಂದು ನೋಡಲು ಬೇರಿಯಂ ಕ್ಲೋರೈಡ್ ಹಾಕಿ ಬಿಳಿ ಪುಡಿ ಬರುವುದನ್ನು ಹೇಗೂ ತೋರಿಸುತ್ತಾರೆ. ಸಿಚುವಾನಿನ ಇಡೀ ಕಥೆ ಆ ಒಂದು ಪ್ರಯೋಗದಲ್ಲಿ ಇದೆ. ಆ ದಿನ ವಾಣಿಜ್ಯ ವಿಭಾಗದವರನ್ನೂ ಬಾಗಿಲ ಹತ್ತಿರ ನಿಂತು ನೋಡಲು ಬಿಟ್ಟರೆ ಸಾಕು.

ಈ ಮಾತುಕತೆ ಕನ್ನಡದಲ್ಲಿ ಆಗಲಿ ಎಂಬುದು ನನ್ನ ಇನ್ನೊಂದು ಕೋರಿಕೆ. ಪುಸ್ತಕದ ವಿಜ್ಞಾನ ಇಂಗ್ಲಿಷಿನಲ್ಲಿದೆ, ನಮ್ಮ ಹಲವರ ಮನೆಮಾತು ಉರ್ದು, ಅಂಗಡಿಗೆ ಬರುವ ಹೆಚ್ಚಿನ ಗಿರಾಕಿಗಳ ಮಾತು ಕನ್ನಡ. 'ಇದರಲ್ಲಿ ಏನಿದೆ?' ಎಂದು ಗಿರಾಕಿ ಕೇಳುವುದು ಕನ್ನಡದಲ್ಲಿ. ಉತ್ತರವೂ ಆ ಭಾಷೆಯಲ್ಲೇ ಬಾಯಿಗೆ ಬರಬೇಕು. ಮನೆಗೆ ಹೋಗಿ ಅಮ್ಮಿಗೋ ಅಬ್ಬಾಗೋ ಉರ್ದುವಿನಲ್ಲಿ ಹೇಳುವಷ್ಟು ಅರ್ಥವಾದರೆ ಪಾಠ ಪೂರ್ತಿಯಾಯಿತು.

ಉರ್ದುವಿನಲ್ಲಿ ಉಪಕಾರ ಮರೆತವನಿಗೆ ನಮಕ್ ಹರಾಮ್ ಎನ್ನುತ್ತಾರೆ. ಕನ್ನಡದಲ್ಲಿ ಉಪ್ಪಿನ ಋಣ ಎನ್ನುತ್ತಾರೆ. ಎರಡು ಭಾಷೆಯಲ್ಲೂ ಋಣ ಇರುವುದು ಉಪ್ಪು ತಿಂದವನಿಗೆ. ಉಪ್ಪು ಮಾರಿದವನಿಗೂ ತಿಂದವನ ಋಣ ಇದೆ ಎಂದು ನಾನು ಸೇರಿಸುತ್ತೇನೆ. ಅವನು ನಂಬಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಅವನ ಸ್ನಾಯುವಿನ ಬಾಗಿಲಿಗೆ ಪೊಟ್ಯಾಸಿಯಂ ಯಾವುದು, ಬೇರಿಯಂ ಯಾವುದು ಎಂದು ಗುರುತಿಸಲು ಆಗುವುದಿಲ್ಲ. ಗುರುತಿಸಬೇಕಾದ ಜಾಗ ಅದಕ್ಕಿಂತ ಮೊದಲಿನದು. ಅದು ಅಂಗಡಿ, ಗೋದಾಮು, ಆರ್ಡರ್ ಬರೆಯುವ ಮೇಜು. ಅಲ್ಲಿ ಕೂರುವವರು ನಾವೇ ಆದ್ದರಿಂದ, ಮುಂದಿನ ತಿಂಗಳಿನಿಂದಲೇ ಈ ಒಂದು ಪೀರಿಯಡ್ ಶುರು ಮಾಡಬೇಕೆಂದು ಪ್ರಾಂಶುಪಾಲರನ್ನೂ ಎರಡೂ ವಿಭಾಗದ ಉಪನ್ಯಾಸಕರನ್ನೂ ಕೇಳಿಕೊಳ್ಳುತ್ತೇನೆ. ಮೊದಲ ವಸ್ತು ಉಪ್ಪೇ ಇರಲಿ.